ಮೂರನೇ ಚೌಕವನ್ನು ದಯವಿಟ್ಟು ಮತ್ತೆ ಖಾಲಿ ಮಾಡಿಕೊಡಿ

ತುರ್ತು ಪರಿಸ್ಥಿತಿಯ ಕಾಲದ ಮಾಜಿ ಸೆನ್ಸಾರ್ ಅಧಿಕಾರಿ ಶ್ರೀ ಕೃಷ್ಣನುಣ್ಣಿ ಏರಾಡಿಯವರ ಸನ್ನಿಧಿಗೆ, ತಲಶ್ಶೇರಿಯಿಂದ

ಮಾನ್ಯರೇ,

ತಮ್ಮ ಕತ್ತರಿಗೆ ತುಕ್ಕು ಹಿಡಿಯದಿರಲಿ, ಕಣ್ಣಿಗೆ ಪೊರೆ ಬಾರದಿರಲಿ ಎಂದು ಹಾರೈಸುತ್ತ, ಮೊದಲಿಗೆ ಒಂದು ಅಪರಾಧವನ್ನು ತಮ್ಮಲ್ಲಿ ನಿವೇದಿಸಿಕೊಳ್ಳುತ್ತೇನೆ. ಹೋದ ಶನಿವಾರ ಬಾಲನ ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ನಾನು, ಅಲ್ಲಿ ಗಿರಾಕಿಗಳ ಕಾಲಕ್ಷೇಪಕ್ಕೆಂದು ಇಟ್ಟಿದ್ದ ‘ಕೊಡೆ ಕೇಳು’ ವ್ಯಂಗ್ಯಚಿತ್ರ ಸಂಪುಟವನ್ನು ಪಂಚೆಯ ಮಡಿಕೆಗೆ ಸೇರಿಸಿ, ಕೂದಲನ್ನು ತಲೆಯ ಮೇಲೆಯೇ ಉಳಿಸಿಕೊಂಡು ಮನೆಗೆ ಬಂದುಬಿಟ್ಟೆ. ಕಳ್ಳ ನಾನೇ, ಪ್ರೇರಣೆ ಮಾತ್ರ ತಮ್ಮದು. ಏಕೆಂದರೆ ಅದು ಹಳೆಯ ಮುದ್ರಣ, ತಾವು ಖಾಲಿ ಮಾಡಿದ ಚೌಕಗಳೆಲ್ಲ ಖಾಲಿಯಾಗಿಯೇ ಉಳಿದಿರುವ ಪವಿತ್ರ ಪ್ರತಿ.

ತಮಗೆ ನೆನಪಿರಬಹುದು. ವ್ಯಂಗ್ಯಚಿತ್ರಕಾರ ಚಾತ್ತುಕ್ಕುಟ್ಟಿ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಮೂರು ಚೌಕಗಳಲ್ಲಿ ಬರೆಯುತ್ತಿದ್ದ ಕೊಡೆ ರಿಪೇರಿಯ ಕೇಳುವಿಗೆ, ಹೆಸರು ಕೇಳು ಎಂದಿದ್ದರೂ, ಕೇಳುವ ಹಕ್ಕು ಉಳಿದಿರಲಿಲ್ಲ. ಎರಡು ಚೌಕಗಳಲ್ಲಿ ಅವನು ಬಾಯಿ ತೆರೆಯುವಷ್ಟರಲ್ಲಿ ಮೂರನೆಯದನ್ನು ತಾವು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿಸುತ್ತಿದ್ದಿರಿ. ನಾನಾದರೋ ಆಗ ಕಾಲೇಜು ಮುಗಿಸಿ ಕೆಲಸವಿಲ್ಲದೆ ಬೀಡಿ ಕಂಪನಿಯಲ್ಲಿ ಓದುಗನಾಗಿದ್ದೆ. ನಮ್ಮ ಕಡೆ ಬೀಡಿ ಸುತ್ತುವವರು ಕೈಗೆ ಎಲೆ, ಕಿವಿಗೆ ಪತ್ರಿಕೆ ಎಂದು ಕುಳಿತುಕೊಳ್ಳುವವರು. ಒಬ್ಬ ಗಟ್ಟಿಯಾಗಿ ಓದಬೇಕು, ಅವನ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡಬೇಕು. ಸಂಪಾದಕೀಯವನ್ನು ಯಾರು ಬೇಕಾದರೂ ಓದಿಯಾರು. ಚಿತ್ರವನ್ನು ಓದುವುದು, ಅದರಲ್ಲೂ ಇಲ್ಲದ ಚಿತ್ರವನ್ನು ಓದುವುದು, ಹುಡುಗಾಟವಲ್ಲ.

ಮೊದಲೆರಡು ಚೌಕಗಳನ್ನು ವರ್ಣಿಸಿ, ಮೂರನೆಯದಕ್ಕೆ ಬಂದಾಗ ಗಂಟಲು ಸರಿಮಾಡಿಕೊಂಡು, ಕಲಾವಿದನೇ ಗುಟ್ಟಾಗಿ ನನ್ನ ಕಿವಿಯಲ್ಲಿ ಹೇಳಿದ್ದಾನೆಂಬ ಮುಖ ಮಾಡಿ, ತೋಚಿದ್ದನ್ನು ಹೇಳುತ್ತಿದ್ದೆ. ಇನ್‌ಸ್ಪೆಕ್ಟರನ ಟೋಪಿಯಲ್ಲಿ ಕೋಳಿ ಮೊಟ್ಟೆಯಿಟ್ಟದ್ದು ಅಂಥ ಒಂದು ವಾರ. ನಗುವಿನ ಅಬ್ಬರಕ್ಕೆ, ಸುತ್ತಿಟ್ಟಿದ್ದ ಬೀಡಿಗಳು ಬಿಚ್ಚಿಕೊಂಡವು. ಆ ದಿನಗಳಲ್ಲಿ ತಲಶ್ಶೇರಿಯಲ್ಲಿ ಚಾತ್ತುಕ್ಕುಟ್ಟಿಯ ಗೆರೆಯನ್ನು ಬಲ್ಲವರು ಇಬ್ಬರೇ ಎಂದು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ: ಕತ್ತರಿಸಿದ ತಾವು, ಅಂಟಿಸಿದ ನಾನು.

ಹೀಗೆ ನಾವಿಬ್ಬರೂ ಮುಖ ನೋಡದೆಯೇ ಸಂಸಾರ ಹೂಡಿದ್ದೆವು. ಈಗ ಇಷ್ಟು ವರ್ಷಗಳ ಮೇಲೆ ಯಾರೋ ಸಂಶೋಧಕರಿಗೆ ಮೂಲಚಿತ್ರಗಳು ಸಿಕ್ಕಿ, ಖಾಲಿ ಚೌಕಗಳೆಲ್ಲ ತುಂಬಿ, ‘ಕೊಡೆ ಕೇಳು’ವಿನ ಸಮಗ್ರ ಆವೃತ್ತಿ ಸಿದ್ಧವಾಗಿದೆ. ಈ ಭಾನುವಾರ ನಮ್ಮ ವಾಚನಾಲಯದಲ್ಲಿ ಬಿಡುಗಡೆ. ಕಲಾವಿದ ವೇದಿಕೆಯಲ್ಲಿರುತ್ತಾನೆ, ಭಾಷಣ ನನ್ನದು, ಮುಂದಿನ ಬೆಂಚಿನಲ್ಲಿ ಹಳೆಯ ಬೀಡಿ ಸಂಗಾತಿಗಳು. ಅವರಲ್ಲಿ ನಾಣಿಯಮ್ಮ ಮುಂಗಡ ಪ್ರತಿಯನ್ನು ಈಗಾಗಲೇ ಕನ್ನಡಕದ ಹತ್ತಿರ ಹಿಡಿದು ನೋಡಿದ್ದಾಳೆ.

“ಅಲ್ಲಾ ಉತ್ತಮಾ, ಟೋಪೀಲಿ ಕೋಳಿ ಕೂತಿತ್ತು ಅಂದಿದ್ದೆ. ಇಲ್ನೋಡಿದ್ರೆ ನಮ್ಮ ಕೇಳು ಬೂತಾಯಿ ಮೀನಿಗೆ ಚೌಕಾಸಿ ಮಾಡ್ತಾ ನಿಂತಿದ್ದಾನೆ! ಕೋಳಿ ಎಲ್ಲೋಯ್ತೋ?” ಎಂದು ನಡುರಸ್ತೆಯಲ್ಲಿ ವಿಚಾರಣೆ ಶುರುಮಾಡಿದಳು.

ಪಕ್ಕದಲ್ಲಿದ್ದ ಇನ್ನೊಬ್ಬ ಬೀಡಿ ಸಂಗಾತಿ ಪೊಕ್ಕನ್, “ಪೊಲೀಸರು ಹಿಡ್ಕೊಂಡು ಹೋದ್ರೇನೋ, ಬಿಡಕ್ಕಾ,” ಎಂದು ಕಿಸಕ್ಕೆಂದ.

“ನೀ ಸುಮ್ನಿರೋ. ಇಷ್ಟು ವರ್ಷ ನನ್ನ ಮೊಮ್ಮಕ್ಕಳಿಗೆಲ್ಲ ಆ ಕೋಳಿ ಕತೆ ಹೇಳಿದೀನಿ. ಭಾನುವಾರ ಮೈಕ್ ಮುಂದೇನೇ ಕೇಳ್ತೀನಿ, ಉತ್ತಮಾ!” ಎಂದು ಹೋದಳು.

ಮಾನ್ಯರೇ, ಮರಳಿ ಬಂದ ಚೌಕಗಳಲ್ಲಿ ಇರುವುದೇನು? ಮೀನು ತುಟ್ಟಿ, ಸೀಮೆಎಣ್ಣೆ ಇಲ್ಲ, ಬಸ್ಸು ಬರಲಿಲ್ಲ. ಬೂತಾಯಿಯ ಬೆಲೆಯಿಂದ ರಾಷ್ಟ್ರ ಉರುಳೀತೆಂದು ಊಹಿಸಿದ ತಮ್ಮ ದೂರದೃಷ್ಟಿಗೆ ಹತ್ತಿರದ್ದು ಕಾಣದಿದ್ದುದು ಸಹಜ. ಆಮೇಲೆ ಬಂದ ಆಯೋಗದ ವರದಿಗಳನ್ನೆಲ್ಲ ಓದಿ, ಆ ಕಾಲದಲ್ಲಿ ಯಾರು ಯಾರು ಏಕೆ ಜೈಲಿಗೆ ಹೋದರೆಂದು ತಿಳಿದುಕೊಂಡು, ಈ ಮೀನನ್ನು ಮತ್ತೆ ನೋಡಿದೆ, ಅದು ಮೀನೇ. ತಮ್ಮ ಶ್ರೇಷ್ಠ ಕೃತಿ ಎಂದರೆ ಆ ಬಿಳಿ ಚೌಕ. ಅದಕ್ಕೊಂದು ಪ್ರಶಸ್ತಿ ಕೊಡದಿದ್ದುದು ನಾಡಿನ ದುರ್ದೈವ.

ಆದ್ದರಿಂದ ತಾವು ದಯಮಾಡಿ ನಿವೃತ್ತಿಯಿಂದ ನಿವೃತ್ತರಾಗಿ, ಭಾನುವಾರದೊಳಗೆ ತಲಶ್ಶೇರಿಗೆ ಬಂದು, ಎಲ್ಲ ಪ್ರತಿಗಳ ಮೂರನೇ ಚೌಕಗಳನ್ನೂ ಯಥಾಪ್ರಕಾರ ಬಿಳುಪಾಗಿಸಿಕೊಡಬೇಕು. ಅದು ಆಗದಿದ್ದರೆ ನಾಣಿಯಮ್ಮನನ್ನಾದರೂ ಸೆನ್ಸಾರ್ ಮಾಡಬೇಕು. ಎರಡನೆಯದಕ್ಕೆ ಸೇನೆಯ ನೆರವು ಬೇಕಾದೀತು.

ಕೈಮುಗಿದು,

ತಮ್ಮ ವಿಶ್ವಾಸಿ,
ಕೆ. ಟಿ. ಉತ್ತಮನ್
(ಮಾಜಿ ಓದುಗ, ಹಾಲಿ ಭಾಷಣಕಾರ)

ತಾ.ಕ.: ತಾವು ಮುಟ್ಟದೆ ಬಿಟ್ಟ ಚಿತ್ರಗಳನ್ನೂ ಈಗ ಮತ್ತೆ ನೋಡಿದೆ. ಒಂದರಲ್ಲಿ ಊರಿಗೆಲ್ಲ ಒಂದೇ ದೊಡ್ಡ ಕೊಡೆ. ಎರಡನೇ ಚೌಕದಲ್ಲಿ ಮಳೆ ನಿಂತಿದೆ, ಆದರೂ ಕೊಡೆ ಹಿಡಿದವರು ಅದನ್ನು ಮುಚ್ಚಲು ಬಿಡುತ್ತಿಲ್ಲ. ಮೂರನೆಯದರಲ್ಲಿ ಅಡಿಯಲ್ಲಿ ನಿಂತ ಮಗುವೊಂದು ಬಿಸಿಲು ಅಂದರೇನೆಂದು ಕೇಳುತ್ತಿದೆ. ಇಡೀ ಸಂಪುಟದಲ್ಲಿ ರಾಜದ್ರೋಹವೆಂದರೆ ಇದೊಂದೇ, ಮತ್ತು ಇದರ ಮೇಲೆ ತಮ್ಮ ಒಪ್ಪಿಗೆಯ ಮೊಹರು ಬಿದ್ದಿತ್ತು! ತಮ್ಮದು ದಡ್ಡತನವೋ ದೊಡ್ಡತನವೋ ತಾವೇ ಬಲ್ಲಿರಿ. ಚಾತ್ತುಕ್ಕುಟ್ಟಿ ನಿನ್ನೆ ನನ್ನ ಕೈ ಹಿಡಿದು, “ಆ ದೊಡ್ಡ ಕೊಡೆ ಬಂದ ವಾರ ಜೈಲಿಗೆ ಅಂತ ಬಟ್ಟೆ ಕಟ್ಟಿಟ್ಕೊಂಡು ಕೂತಿದ್ದೆ ಕಣೋ. ಕಂಪನೀಲಿ ಜನ ಏನಂದ್ರು, ಉತ್ತಮಾ?” ಎಂದು ಕೇಳಿದ. ಎಲ್ಲರೂ ಕಣ್ಣೊರೆಸಿಕೊಂಡರು ಎಂದೆ. ನಿಜವೇನೆಂದರೆ, ಅದು ಮುಂಗಾರಿನ ಹೊಸ್ತಿಲು, ಪುಟಪುಟಕ್ಕೂ ಕೊಡೆ ಕಂಪನಿಗಳ ಜಾಹೀರಾತು. ಚಿತ್ರದಲ್ಲಿ ಕೇಳು ಕಾಣಲಿಲ್ಲ, ಚೌಕಗಳಲ್ಲಿ ಒಂದೂ ಖಾಲಿ ಇರಲಿಲ್ಲ. “ಈ ವಾರ ಕೇಳು ಇಲ್ಲ, ಬರೀ ಕೊಡೆ ಜಾಹೀರಾತು,” ಎಂದು ಘೋಷಿಸಿ ನಾನು ಪುಟ ತಿರುಗಿಸಿದ್ದೆ.