ಅಜ್ಜನ ಹೆಸರು ಮುಚ್ಚಿಡುವುದು ಹೇಗೆ?

ನಕಿಗೋಜಿ: ಬೆಳಿಗ್ಗೆ ಫೋನ್ ಮಾಡಿದ್ದು ನಾನೇ, ದೊಡ್ಡಪ್ಪ. ಯಾರು ಏನು ಅಂತ ವಿಚಾರಿಸದೆ ಅಜ್ಜನ ಹೆಸರು, ಕುಲ, ಎಲ್ಲ ಒದರಿಬಿಟ್ರಿ.

ಕಯೀರಾ: ಒದರಲಿಲ್ಲ ತಾಯಿ, ಪರಿಚಯ ಹೇಳ್ಕೊಂಡೆ. ಅಪ್ಪ ಅಜ್ಜನ ಹೆಸರೆತ್ತದೆ ಮಾತು ಶುರು ಮಾಡೋಕೆ ನಾನೇನು ದಾರೀಲಿ ಬಿದ್ದು ಸಿಕ್ಕಿದೋನಾ?

ಮಸಾಕಾದ ಕಾಫಿ ಬೆಳೆಗಾರರ ಸಂಘದ ಕಚೇರಿ. ಕಯೀರಾ ಅಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ನಕಿಗೋಜಿ, ಕಂಪ್ಯೂಟರಿಗೆ ಕನ್ನ ಬೀಳುತ್ತದೆಯೇ ಎಂದು ನೋಡಲು ಸಂಘವೇ ರಾಜಧಾನಿ ಕಂಪಾಲಾದಿಂದ ಕರೆಸಿದ ಸಲಹೆಗಾರ್ತಿ.

ನಕಿಗೋಜಿ: ಪಾಸ್‌ವರ್ಡ್ ಮರೆತೋರಿಗೆ ಕಂಪ್ಯೂಟರ್ ಕೇಳೋ ಗುಟ್ಟಿನ ಪ್ರಶ್ನೆನೇ ಅದು. ಅಜ್ಜ ಯಾರು, ಕುಲ ಯಾವುದು. ನೀವು ಹೇಳಿದ್ದನ್ನೇ ಒತ್ತಿದೆ. ಎರಡು ಸಾವಿರ ಬೆಳೆಗಾರರ ವಿವರ ಕೈಗೆ ಬಂತು.

ಕಯೀರಾ: ನುಗ್ಗಿದ್ದು ನೀನು, ತಪ್ಪು ನಮ್ಮಜ್ಜಂದು?

ನಕಿಗೋಜಿ: ಅವರ ಹೆಸರು ಗುಟ್ಟಾಗಿಡಿ ಅಂತಿದ್ದೀನಿ.

ಕಯೀರಾ: ಗುಟ್ಟಾಗಿಡೋಕೆ ಆತ ಕಳ್ಳಭಟ್ಟಿ ಕಾಯಿಸ್ತಿದ್ನಾ? ಕಾಡೆಮ್ಮೆ ಕುಲದ ಮರ್ಯಾದಸ್ಥ.

ನಕಿಗೋಜಿ: ಹೋಗ್ಲಿ, ಸುಳ್ಳು ಉತ್ತರ ಹಾಕಿಡಿ. ಕುಲ ಚಿಪ್ಪುಹಂದಿ ಅನ್ನಿ.

ಕಯೀರಾ: ನನ್ನ ಹೆಂಡ್ತಿ ಚಿಪ್ಪುಹಂದಿ ಕುಲದೋಳು. ನಾನೂ ಅದೇ ಅಂದ್ರೆ, ಮೂವತ್ತು ವರ್ಷ ತಂಗಿ ಜೊತೆ ಸಂಸಾರ ಮಾಡ್ದಂಗಾಗುತ್ತೆ.

ನಕಿಗೋಜಿ: ಕಂಪ್ಯೂಟರಿಗೆ ಅದೆಲ್ಲ ಗೊತ್ತಾಗಲ್ಲ.

ಕಯೀರಾ: ನಂಗೆ ಗೊತ್ತಾಗುತ್ತಲ್ಲ.

ನಕಿಗೋಜಿ ನಿಟ್ಟುಸಿರು ಬಿಟ್ಟು, ಮ್ಯಾನೇಜರರ ಕೈಗೆ ಸಂಜೆ ಹೋಗಬೇಕಾದ ವರದಿಯಲ್ಲಿ ಬರೆದಳು: 'ಗುಮಾಸ್ತರನ್ನು ಕಂಪ್ಯೂಟರ್ ಮುಂದೆ ಕೂರಿಸಬಾರದು.' ಕಯೀರಾ ಕನ್ನಡಕ ಏರಿಸಿ ಅದನ್ನು ಓದಿದ.

ಕಯೀರಾ: ಬರಿ ತಾಯಿ. ನನ್ನ ಕುರ್ಚಿ ಕಿತ್ಕೊಂಡೋಳು ಯಾರ ಮನೆ ಮಗಳು ಅಂತ ಹೆಂಡ್ತಿ ಕೇಳ್ತಾಳೆ. ಏನು ಹೇಳ್ಲಿ?

ಹಿರಿಯರು ಕೇಳಿದ ಮೇಲೆ ಸುಮ್ಮನಿರಲಾದೀತೇ? ನಕಿಗೋಜಿ ಎದ್ದು, ಹಿರಿಯರೆದುರು ಹೆಣ್ಣುಮಕ್ಕಳು ಮಾಡುವ ಪದ್ಧತಿಯಂತೆ, ಪ್ಯಾಂಟಿನಲ್ಲೇ ಮಂಡಿಯೂರಿದಳು.

ನಕಿಗೋಜಿ: ನಾನು ನಕಿಗೋಜಿ. ಅಪ್ಪ ಮಕುಬುಯಾ, ಅಜ್ಜ ಮುಕ್ವಾಬಾ, ಪುನುಗು ಬೆಕ್ಕಿನ ಕುಲ. ಅವ್ವ ಸಿಂಹದ ಕುಲದೋಳು. ಅವ್ವನ ಅಪ್ಪ…

ಕಯೀರಾ: ಸಾಕು, ಅಲ್ಲೀವರೆಗೆ ಇದು ಕೇಳಲ್ಲ.

ನಕಿಗೋಜಿ: ಯಾವುದು ಕೇಳಲ್ಲ?

ಕಯೀರಾ: ಕಂಪ್ಯೂಟರು. ಸಂಘದೋರು ನಿಂಗೂ ಇದರಲ್ಲೊಂದು ಖಾತೆ ಮಾಡಿಕೊಟ್ಟಿದ್ದಾರಲ್ಲ. ನೀನು ಹೇಳ್ತಿದ್ದಂಗೇ ನಿನ್ನ ಹೆಸರು ಒತ್ತಿ, ಪಾಸ್‌ವರ್ಡ್ ಮರೆತಿದೆ ಅಂದೆ. ಅಜ್ಜನ್ನ ಕೇಳ್ತು, ಕುಲ ಕೇಳ್ತು, ಬಾಗಿಲು ತೆಗೀತು.

ನಕಿಗೋಜಿ ಮಂಡಿಯ ಮೇಲಿಂದಲೇ ಪರದೆಯನ್ನು ನೋಡಿದಳು. ಆಮೇಲೆ ಕೈ ಚಾಚಿ ಬರೆದ ಸಾಲು ಅಳಿಸಿ, ಹೊಸದು ಬರೆದಳು: 'ತಪ್ಪು ಗುಮಾಸ್ತರದಲ್ಲ, ಪ್ರಶ್ನೆಯದು. ಕೂಡಲೇ ಬದಲಿಸಿ.'

ಕಯೀರಾ: ಏಳು ತಾಯಿ. ಈಗ ಇಬ್ಬರ ಅಜ್ಜಂದಿರೂ ನೆಮ್ಮದಿಯಾಗಿರ್ತಾರೆ.