ವಾಷಿಂಗ್ ಮೆಷಿನ್ನಿಗೆ ತಲೆ ಕೆಟ್ಟಾಗ

ವಸ್ತುಗಳು ಕೆಟ್ಟ ಮೇಲೆ ಚಿಂತಿಸುವವರು ಜಗತ್ತಿನಲ್ಲಿ ಬಹಳ ಮಂದಿ. ನಾನು ಆ ಸೋಮಾರಿಗಳ ಪೈಕಿ ಅಲ್ಲ. ಅವು ಕೆಡುವ ಮೊದಲೇ ಶುರು ಮಾಡಿಬಿಡುತ್ತೇನೆ. ಹನೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು ನಾನು, ದಿನಾ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಹೋಗಿಬರುವವನು. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿ, ಅರ್ಧ ದಾರಿಯ ಕಾಮಗೆರೆಯಲ್ಲಿ ಇಳಿದು, ವಾಪಸ್ಸು ಬಂದು ಬೀಗ ಜಗ್ಗಿ ನೋಡಿದ್ದೂ ಉಂಟು. ಬೀಗವೇನೋ ಭದ್ರವಾಗಿತ್ತು. ಹೆಂಡತಿ ಒಳಗೇ ಇದ್ದಳು.

ಇಂಥವನ ಮನೆಗೆ ವಾಷಿಂಗ್ ಮೆಷಿನ್ನು ಬಂದದ್ದು ಹೆಂಡತಿ ಗೌರಿಯ ಬಲಭುಜದ ದೆಸೆಯಿಂದ. ಅದು ಹಿಡಿದುಕೊಂಡು ಕೈ ಮೇಲೆತ್ತಲು ಆಗುತ್ತಿರಲಿಲ್ಲ. ಬಟ್ಟೆ ಒಗೆದು ಹಿಂಡುವುದನ್ನು ಬಿಡದಿದ್ದರೆ ಕೈ ಮತ್ತೆ ಏಳುವುದೇ ಇಲ್ಲ ಎಂದು ಡಾಕ್ಟರು ಹೆದರಿಸಿದ್ದರು. ಮೆಷಿನ್ನನ್ನು ಹಿತ್ತಲ ಜಗಲಿಯಲ್ಲಿ ಇರಿಸಿದೆವು. ಕರೆಂಟು ಏರಿಳಿದೀತೆಂದು ಸ್ಟೆಬಿಲೈಜರ್ ತಂದೆ, ಇಲಿ ನುಗ್ಗೀತೆಂದು ತಳಕ್ಕೆ ಬಲೆ ಕಟ್ಟಿದೆ, ದೂಳು ಕೂತೀತೆಂದು ಹೂವಿನ ಬಟ್ಟೆಯ ಗವಸು ಹೊಲಿಸಿದೆ. ನಮ್ಮ ಮಗಳ ಮದುವೆಗೂ ನಾನು ಇಷ್ಟು ಓಡಾಡಿರಲಿಲ್ಲವೆಂದು ಗೌರಿ ಈಗಲೂ ಹೇಳುತ್ತಾಳೆ.

ಅಷ್ಟೆಲ್ಲ ಮಾಡಿಯೂ ದಸರಾ ಕಳೆದ ವಾರ ಅದು ಕೆಟ್ಟಿತು. ಗುಂಡಿ ಒತ್ತಿದರೆ ಎಲ್ಲ ಕೆಂಪು ದೀಪಗಳೂ ಒಟ್ಟಿಗೇ ಹೊತ್ತಿಕೊಂಡು, ಮೂರು ಸಲ ಕಿರ್‍ರೆಂದು ಕೂಗಿ, ಸುಮ್ಮನಾಗುತ್ತಿತ್ತು. ಹಿಂದಿನ ದಿನ ಗೌರಿ ಒಗೆಯಲೆಂದು ಅದರೊಳಗೊಂದು ದಪ್ಪ ಕಂಬಳಿ ಹಾಕಿದ್ದಳು. ನನಗೆ ಅಷ್ಟು ಸಾಕಾಯಿತು. ಭಾರ, ಬಲ, ಘರ್ಷಣೆ ಎಂದು ಒಂಬತ್ತನೇ ತರಗತಿಯ ಪಾಠವನ್ನೆಲ್ಲ ಅವಳಿಗೆ ಒಪ್ಪಿಸಿದೆ.

“ಊಂ ಕಣ್ರಿ, ನಂದೇ ತೆಪ್ಪು” ಎಂದು ಅವಳು ಬಕೆಟ್ಟು ಹಿಡಿದು ಒಗೆಯುವ ಕಲ್ಲಿನ ಕಡೆ ನಡೆದಳು. ಮೂರು ವಾರ ಆ ಕೈಯಲ್ಲೇ ಒಗೆದಳು. ನಾನು ಒಗೆಯುತ್ತೇನೆಂದು ಒಮ್ಮೆ ಅಂದೆ. ಎರಡನೇ ಸಲ ಅನ್ನಲಿಲ್ಲ. ಅವಳ ಭುಜಕ್ಕೆ ಎಣ್ಣೆ ತಿಕ್ಕುವಾಗಲೂ ಕಂಬಳಿಯ ತೂಕದ ಮಾತು ಮಾತ್ರ ಬಿಡಲಿಲ್ಲ.

ಮೂರು ವಾರವಾದದ್ದು ಮಾದೇಶನನ್ನು ಹಿಡಿಯುವುದಕ್ಕೆ. ಮೊದಲು ರೇಷ್ಮೆ ನೂಲು ತೆಗೆಯುವ ಯಂತ್ರಗಳ ಮೋಟಾರು ರಿಪೇರಿ ಮಾಡುತ್ತಿದ್ದವನು ಈಚೆಗೆ ವಾಷಿಂಗ್ ಮೆಷಿನ್ನಿಗೂ ಕೈ ಹಾಕಿದ್ದ. ಬಂದವನೇ ಪ್ಲಗ್ಗು ನೋಡಿದ, ಮೀಟರು ಹಿಡಿದ, ಮೋಟಾರಿಗೆ ನೇರ ಕರೆಂಟು ಕೊಟ್ಟ. ಅದು ಗುರ್‍ರೆಂದು ತಿರುಗಿತು.

“ಮೋಟ್ರು ಗಟ್ಟಿಯಾಗದೆ ಸಾ. ಇದ್ಕೆ ತಲೆ ಕೆಟ್ಟದೆ.”

“ನಮ್ಮನೆಯವಳು ಕಂಬಳಿ ಹಾಕಿದ್ದಳಪ್ಪ, ಆ ಭಾರಕ್ಕೆ…”

“ಕಂಬ್ಳಿಗೂ ತಲೆಗೂ ಏನ್ ಸಾ ಸಂಬಂದ? ಭಾರ ಆದ್ರೆ ಬೆಲ್ಟ್ ಓಯ್ತದೆ, ಇಲ್ಲಾ ಮೋಟ್ರು ಸುಟ್ಟೋಯ್ತದೆ.”

ಗುಂಡಿಗಳ ಕೆಳಗಿನ ಮುಚ್ಚಳ ಬಿಚ್ಚಿ ಅಂಗೈಯಗಲದ ಬೋರ್ಡೊಂದನ್ನು ಈಚೆ ತೆಗೆದ. ಯಾವುದನ್ನು ಯಾವಾಗ ತಿರುಗಿಸಬೇಕೆಂದು ಮೆಷಿನ್ನಿಗೆ ಹೇಳುವುದು ಅದೇ ಅಂತೆ. ಅದರ ಸಂದಿಗಳಲ್ಲಿ ಅರಿಶಿನ ಕುಂಕುಮದ ಕೆಸರು ಒಣಗಿ ಕೂತಿತ್ತು. ತಾಮ್ರದ ಗೆರೆಗಳಿಗೆ ಕಿಲುಬು ಹತ್ತಿತ್ತು. ಮೂಲೆಯಲ್ಲಿ ಚೆಂಡುಹೂವಿನ ಒಂದು ಎಸಳು.

“ಯಾರ್ ಸಾ ಇದ್ಕೆ ಅಬಿಸೇಕ ಮಾಡ್ದೋರು?”

ನಾನೇ. ಆಯುಧಪೂಜೆಯ ಬೆಳಿಗ್ಗೆ ಸ್ಕೂಟರು ತೊಳೆದ ಉಮೇದಿನಲ್ಲೇ ಮೆಷಿನ್ನಿನ ನೆತ್ತಿಗೂ ನೀರು ಹುಯ್ದಿದ್ದೆ. ಬಟ್ಟೆ ತೊಳೆಯುವ ಯಂತ್ರ ತಾನೇ, ನೀರಿಗೆ ಹೆದರೀತೇ ಎಂದು. ಆಮೇಲೆ ಒಂದೊಂದು ಗುಂಡಿಗೂ ಅರಿಶಿನ ಕುಂಕುಮ ಕಲಸಿ ಬೊಟ್ಟಿಟ್ಟಿದ್ದೆ. ನೀರಿಗೂ ಕರೆಂಟಿಗೂ ಆಗದೆಂದು ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿರುವವನು.

ಮಾದೇಶ ನನ್ನ ಮುಖ ನೋಡಿ ದನಿ ತಗ್ಗಿಸಿದ. “ಅಮ್ಮಾವ್ರಿಗೆ ಓಲ್ಟೇಜು ಅಂತ ಯೋಳ್ಬುಡ್ಲಾ ಸಾ? ಸುಮಾರ್ ಮನೇಲಿ ಅಂಗೇ ಯೋಳೋದು.”

ಊಂ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಗೌರಿ ಕಾಫಿ ತಂದಳು, ಒಂದೊಂದೇ ಲೋಟ, ಎಡಗೈಯಲ್ಲಿ. ಬಲಗೈ ಸೆರಗಿನೊಳಗೆ ಜೋತುಬಿದ್ದಿತ್ತು.

“ಕಂಬಳಿಯಿಂದಲ್ಲ. ನಾನು ನೀರು ಹುಯ್ದದ್ದಕ್ಕೆ ಕೆಟ್ಟಿದೆ” ಎಂದೆ.

“ಗೊತ್ತಿತ್ತು. ಮೂರು ಚೊಂಬು. ಅಡುಗೆಮನೆ ಕಿಟಕೀಲಿ ನೋಡ್ತಾನೇ ಇದ್ದೆ.”

“ಮತ್ತೆ ನಿಂದೇ ತಪ್ಪು ಅಂತ ಯಾಕೆ ಒಪ್ಪಿಕೊಂಡೆ?”

“ನಿಮ್ದು ಅಂದಿದ್ರೆ ಮೂರು ವಾರ ನೀವು ಉಣ್ತಿರ್ನಿಲ್ಲ, ನಂಗೂ ಉಣ್ಣಕ್ಕೆ ಬುಡ್ತಿರ್ನಿಲ್ಲ. ನಿಮ್ ಯೋಚ್ನೆ ತಡ್ಕಳದ್ಕಿಂತ ಬಟ್ಟೆ ಒಗೆಯದೇ ಸಲೀಸು ಕಣ್ರಿ.”

ಮಾದೇಶ ಕಾಫಿ ಲೋಟದೊಳಗೆ ಮುಖ ಇಳಿಸಿದ. ನಗುತ್ತಿದ್ದನೋ ಏನೋ.

ಹೊಸ ಬೋರ್ಡು ಮೈಸೂರಿನಿಂದ ಬರಬೇಕು. ಅಲ್ಲಿಯವರೆಗೆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂರುವವನು ನಾನು. ಸೊಂಟ ಬಿದ್ದುಹೋಗುತ್ತಿದೆ. ಆದರೆ ಅದಕ್ಕಿಂತ ದೊಡ್ಡ ಸಂಗತಿಯೊಂದನ್ನು ಗಮನಿಸಿದ್ದೇನೆ: ಅಂಗಿಯ ಕಾಲರು ಉಜ್ಜುವಷ್ಟು ಹೊತ್ತೂ ನನಗೆ ಯಾವ ಚಿಂತೆಯೂ ಬರುವುದಿಲ್ಲ. ನನ್ನಂಥವನಿಗೆ ಹೀಗಾಗುತ್ತಿದೆಯೆಂದರೆ ಒಳಗೆಲ್ಲೋ ಏನೋ ಕೆಟ್ಟಿರಲೇಬೇಕು. ಡಾಕ್ಟರಿಗೆ ತೋರಿಸುವುದೋ ಬೇಡವೋ ಎಂದು ನಿನ್ನೆಯಿಂದ ಒಂದೇ ಯೋಚನೆ.