ಅಧ್ಯಕ್ಷರು ಕೇಳಿದ ಎರರ್ ಲಾಗ್

ವೆಬ್‌ಸೈಟ್ ಕೆಟ್ಟರೆ ಎಲ್ಲ ಊರಲ್ಲೂ ಜನ ಬೈಯುತ್ತಾರೆ. ಆಂಧ್ರದ ಗಡಿಯ ನಮ್ಮ ಆದೋನಿ ಕಡೆ ಬೈಯುವ ಮೊದಲು ಒಂದು ತಮಾಷೆ ನಡೆದೇ ತೀರುತ್ತದೆ. ನಾನು ಕುರಿ ಸಾಕುವವರ ಒಂದು ಸಂಘದ ವೆಬ್‌ಸೈಟ್ ನೋಡಿಕೊಳ್ಳುವವಳು. ಕುರಿಗಳಿಗೆ ಲಸಿಕೆ ಹಾಕಿಸಲು ಅದರಲ್ಲಿ ಟೋಕನ್ ಪಡೆಯಬೇಕು. ಎಲ್ಲಿ ಎಡವಿದರೂ ಅದು ತಾನೇ ಬರೆದಿಡುತ್ತದೆ. ಆ ಪಟ್ಟಿಗೆ ಎರರ್ ಲಾಗ್ ಅನ್ನುತ್ತೇವೆ. ಟೋಕನ್ ಸಿಗುತ್ತಿಲ್ಲ ಎಂಬ ದೂರು ಹೆಚ್ಚಾದಾಗ ಸಂಘದ ಅಧ್ಯಕ್ಷರು ಕಡ್ಡಿ ಮುರಿದಂತೆ ಹೇಳಿದರು:

“ಬರೋ ಮೀಟಿಂಗಿನಾಗ ತಪ್ಪು ಎಲ್ಲೆಲ್ಲಿ ಆಗ್ಯಾವ ತೋರಸ್ರಿ. ಇಲ್ಲಾಂದ್ರ ಕೆಲಸ ಹೈದರಾಬಾದ್ ಕಂಪನಿಗೆ ಕೊಡ್ತೀವಿ.”

ನನಗಿದ್ದದ್ದು ಇದೊಂದೇ ಕೆಲಸ. ನಿಜಕ್ಕೂ ಭಯವಾಯಿತು.

೧. ಎಣಿಸಬಾರದ ಕುರಿ

ಲಾಗ್ ತೆಗೆದು ಕೂತೆ. ಒಂದೇ ಫೋನಿನಿಂದ ಹನ್ನೊಂದು ಸಲ ಒಂದೇ ತಪ್ಪು: ಕುರಿಗಳ ಸಂಖ್ಯೆ ಬರೆಯುವ ಜಾಗದಲ್ಲಿ ಅಂಕಿಯೇ ಇಲ್ಲ. ಜಾಡು ಹಿಡಿದು ದೇವನಕೊಂಡಕ್ಕೆ ಹೋಗಿ ಆ ಫೋನಿನ ಯಜಮಾನರನ್ನು ಕೇಳಿದೆ.

“ಎಷ್ಟು ಕುರಿ ಅದಾವ್ರಿ?”

“ಅದಾವ.”

“ಎಷ್ಟು ಅಂತ ಬರೀಬೇಕ್ರಿ.”

“ನಾನೂ ಅದನ್ನ ಬರದೀನಮ್ಮ, ‘ಅದಾವ’ ಅಂತ. ನಿಮ್ಮ ಕಂಪ್ಯೂಟರ್ ಕೇಳವಲ್ದು. ಎಣಿಸಿ ಹೇಳಿದ್ರ ದಿಷ್ಟಿ ಆಗತೈತಿ.”

“ಹಂಗಾರ ಲಸಿಕೆ ಎಷ್ಟು ತರಬೇಕ್ರಿ?”

ಅವರು ಸ್ವಲ್ಪ ಯೋಚಿಸಿದರು. “ಲಸಿಕೆ ಬೇಕಾದ್ರ ಎಣಿಸ್ರಿ. ಅದಕ್ಕ ದಿಷ್ಟಿ ಆಗಲ್ಲ.”

೨. ಎರಡು ಸಾಲಿನ ಟೋಕನ್

ವೆಬ್‌ಸೈಟ್ ನಿಂತುಹೋದಾಗ ಪರದೆಯ ಮೇಲೆ ಒಂದು ಉದ್ದನೆಯ ನಂಬರ್ ಬರುತ್ತದೆ. ಆ ನಂಬರ್ ಸಿಕ್ಕರೆ ತಪ್ಪು ಎಲ್ಲಿ ಆಯಿತೆಂದು ನಾನು ಪತ್ತೆ ಹಚ್ಚಬಹುದು. ಅದಕ್ಕೇ ಕೆಳಗೆ ‘ಈ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ’ ಎಂದು ಬರೆದಿದ್ದೆ. ನಾಗಲದಿನ್ನೆಯ ಹೆಂಗಸೊಬ್ಬರು ಅದನ್ನು ಜೋಪಾನವಾಗಿ ಇಟ್ಟುಕೊಂಡು, ಲಸಿಕೆ ಹಾಕುವ ದಿನ ಕುರಿ ಹೊಡೆದುಕೊಂಡು ಬಂದೇಬಿಟ್ಟರು.

“ಅಕ್ಕಾ, ಇದು ಟೋಕನ್ ಅಲ್ರಿ, ತಪ್ಪಿನ ನಂಬರ್” ಅಂದೆ.

ಆಕೆ ಪಕ್ಕದವನ ಕಡೆ ತಿರುಗಿದರು. “ನಿಂದು ಎಷ್ಟಪ್ಪ?”

“ಏಳು.”

“ಬರೇ ಏಳು. ನಂದು ನೋಡು, ಎರಡು ಸಾಲು ಐತಿ, ನಡುನಡುವ ಇಂಗ್ಲಿಷೂ ಐತಿ. ಯಾವುದು ದೊಡ್ಡದು?”

ವಾದ ಮಾಡಲಾರದೆ ಪಶುವೈದ್ಯರು ಆಕೆಯ ಕುರಿಗಳಿಗೇ ಮೊದಲು ಸೂಜಿ ಹಾಕಿದರು. ಏಳನೆಯವನು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಮೇಡಂ, ನನಗೂ ಅಂಥಾ ತಪ್ಪಿನ ನಂಬರ್ ಒಂದು ಕೊಡ್ತೀರಾ?”

೩. ಕವರಿನಲ್ಲಿ ಬಂದದ್ದು

ಅಂತೂ ತಪ್ಪುಗಳೆಲ್ಲ ಪತ್ತೆಯಾದವು. ಲಾಗನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಲು ಕೊಟ್ಟು, ಒಂದು ಕೆಲಸದ ಮೇಲೆ ಮಾಧವರಂ ಊರಿಗೆ ಹೋಗಿದ್ದೆ. ಮೀಟಿಂಗಿನ ಹೊತ್ತಾದರೂ ನನ್ನ ಬಸ್ಸು ಆದೋನಿ ಮುಟ್ಟಲಿಲ್ಲ. ಸಂಘದ ಅಟೆಂಡರಿಗೆ ಫೋನ್ ಮಾಡಿದೆ. ಅವರ ಮನೆಮಾತು ತೆಲುಗು.

“ಅಣ್ಣಾ, ಜೆರಾಕ್ಸ್ ಅಂಗಡಿಯಿಂದ ಎರರ್ ಲಾಗ್ ತಂದು, ಕವರಿನಾಗ ಹಾಕಿ ಅಧ್ಯಕ್ಷರಿಗೆ ಕೊಡ್ರಿ.”

‘ಜೆರಾಕ್ಸ್’ ಅನ್ನುವ ಮಾತನ್ನು ಬಸ್ಸಿನ ಹಾರನ್ ನುಂಗಿದ್ದು ನನಗೆ ಗೊತ್ತಾಗಲಿಲ್ಲ.

“ಎರ್ರ ಲಾಗಾ ಮೇಡಂ? ಅಧ್ಯಕ್ಷರಿಗಾ?”

“ಹೌದ್ರಿ, ಅವರೇ ಕೇಳ್ಯಾರ. ಎಲ್ಲಾರ ಮುಂದ ಬಿಚ್ಚಿ ತೋರಿಸಬೇಕಂತ.”

ಅವರು ದನಿ ತಗ್ಗಿಸಿದರು. “ಎಷ್ಟು ಉದ್ದದ್ದು ಮೇಡಂ?”

“ಎಷ್ಟಿದ್ರೂ ನಡೀತೈತಿ. ಲಗೂನ ಕೊಡ್ರಿ.”

ತೆಲುಗಿನಲ್ಲಿ ಎರ್ರ ಅಂದರೆ ಕೆಂಪು. ಲಾಗು ಅಂದರೆ ಚಡ್ಡಿ. ಹುಟ್ಟಿದಾಗಿನಿಂದ ಎರಡೂ ಭಾಷೆ ಆಡುವ ನನಗೆ ಆ ಕ್ಷಣ ಒಂದೂ ನೆನಪಾಗಲಿಲ್ಲ.

ಓಡುತ್ತ ಮೀಟಿಂಗಿಗೆ ಹೋದಾಗ ಅಧ್ಯಕ್ಷರ ಎರಡೂ ಕೈಯಲ್ಲಿ ಕೆಂಪು ಚಡ್ಡಿ.

“ಇದರಾಗ ತಪ್ಪು ಎಲ್ಲೈತ್ರಿ?” ಎಂದು ಒಬ್ಬ ಸದಸ್ಯರು ಬಗ್ಗಿ ನೋಡುತ್ತಿದ್ದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೆಲಸ ಹೋಯಿತೆಂದುಕೊಂಡೇ, ಊರೂರು ಸುತ್ತಿ ಹಿಡಿದ ತಪ್ಪುಗಳಿಂದ ಈ ಚಡ್ಡಿಯವರೆಗೆ ಎಲ್ಲ ವಿವರಿಸಿದೆ. ಮೊದಲು ನಕ್ಕವರು ಅಧ್ಯಕ್ಷರೇ. ಕಣ್ಣು ಒರೆಸಿಕೊಂಡು ಹೇಳಿದರು: “ಹೈದರಾಬಾದಿನವರು ಇಷ್ಟು ಮುತುವರ್ಜಿ ವಹಿಸ್ತಿದ್ದಿಲ್ಲ. ಕೆಲಸ ನಿಮ್ಮತ್ರಾನ ಇರಲಿ.”

ಮೂಲೆಯಲ್ಲಿ ನಿಂತಿದ್ದ ಅಟೆಂಡರ್ ಕೈ ಚಾಚಿದರು. “ಹಂಗಾದ್ರ ಲಾಗು ಇಲ್ಲಿ ಕೊಡ್ರಿ ಸಾರ್, ಬಟ್ಟೆ ಅಂಗಡಿಗೆ ವಾಪಸ್ ಮಾಡಿ ಬರ್ತೀನಿ.”

ಅಧ್ಯಕ್ಷರು ಅದನ್ನು ಸೊಂಟಕ್ಕೆ ಹಿಡಿದು ನೋಡಿ, ಮಡಚಿ ಚೀಲಕ್ಕೆ ಹಾಕಿಕೊಂಡರು.

“ಇರಲಿ ಬಿಡಪ್ಪ, ಅಳತಿ ಸರಿ ಐತಿ.”